ಕ್ಯೂ ಗಾರ್ಡನ್ ನೋಡಿಯಾಯ್ತು, ಇನ್ನೆಲ್ಲಿಗೆ? ಪೇನ್ಸ್‌ಹಿಲ್‌ಗೆ ಹೋಗಿ

ಲಂಡನ್ನಿಗೆ ಮಗಳ ಮನೆಗೆ ಬಂದಿದ್ದೇವೆ, ಕ್ಯೂ, ಹೈಡ್ ಪಾರ್ಕ್ ಎಲ್ಲಾ ಮುಗೀತು, ಗದ್ದಲವಿಲ್ಲದ ಹಳೇ ಉದ್ಯಾನ ಯಾವುದಾದರೂ ಇದೆಯಾ ಅಂತ ಕೇಳಿದ್ದೀರಿ. ಸರ್ರೆ ಕೌಂಟಿಯ ಕಾಬಮ್ ಊರಲ್ಲಿ ಪೇನ್ಸ್‌ಹಿಲ್ ಅಂತ ಒಂದಿದೆ. ನಾನು ಇದೇ ಸೀಮೆಯಲ್ಲಿದ್ದೂ ಎಷ್ಟೋ ವರ್ಷ ಅದರ ಪಕ್ಕದಲ್ಲೇ ಕಾರು ಓಡಿಸಿಕೊಂಡು ಹೋಗಿದ್ದೇನೆ. ಒಳಗೆ ಕಾಲಿಟ್ಟದ್ದು ಊರಿಂದ ಅಮ್ಮ ಬಂದಾಗಲೇ.

ಹೂವಿನ ಪಾತಿಗಳ ಆಸೆ ಇಟ್ಟುಕೊಂಡು ಹೋಗಬೇಡಿ. ಇದು ನಡೀತಾ ನಡೀತಾ ಪರದೆ ಸರಿಯುವ ನಾಟಕದ ಥರ. ಚಾರ್ಲ್ಸ್ ಹ್ಯಾಮಿಲ್ಟನ್ ಅಂತ ಒಬ್ಬ, ಅರ್ಲ್ ಅನ್ನುವ ಬಿರುದಿನ ಕುಲೀನನ ಕಿರಿಮಗ, ಇಟಲಿ ಸುತ್ತಿ ಬಂದವನು, 1738ರಿಂದ 1773ರವರೆಗೆ ಕೂತು ಮಾಡಿಸಿದ್ದು. ಆಗ ಅಲ್ಲಿದ್ದದ್ದು ಬರೀ ಕುರುಚಲು ಬೆಳೆದ ಬಂಜರು. ಅದನ್ನು ಸುಟ್ಟು, ಟರ್ನಿಪ್ ಬಿತ್ತಿ, ಕುರಿ ಮೇಯಿಸಿ, ಗೊಬ್ಬರ ಬೀಳಿಸಿ ಹುಲ್ಲು ಬರಿಸಿದ. ಕೆರೆಯೂ ಅವನು ತೋಡಿಸಿದ್ದೇ. ತಮಾಷೆ ಏನೆಂದರೆ ಮೋಲ್ ನದಿ ಕೆಳಗಿದೆ, ಕೆರೆ ಮೇಲಿದೆ. ನಮ್ಮಲ್ಲಿ ಏತ ಹಾಕುವ ಹಾಗೆ, ನದಿಯ ಓಟದಿಂದಲೇ ಚಕ್ರ ತಿರುಗಿಸಿ ನೀರು ಮೇಲೆತ್ತಿಸಿದ್ದಾನೆ. ಈಗಿರುವ ದೊಡ್ಡ ಕಬ್ಬಿಣದ ಚಕ್ರ ಮಾತ್ರ 1830ರ ದಶಕದ್ದು.

ಮೊದಲು ಗಾಥಿಕ್ ಟೆಂಪಲ್‌ಗೆ ಹೋಗಿ. ಮರಗಳ ನಡುವಿನ ದಾರಿಯಲ್ಲಿ ಹೋಗುವಾಗ ಕಲ್ಲಿನ ಮಂಟಪ ಅನ್ನಿಸುತ್ತದೆ. ಕಂಬ ತಟ್ಟಿ ನೋಡಿ, ಮರ! ಒಳಗೆ ನಿಂತು ಆ ಕಡೆಯ ಕಮಾನಿನಿಂದ ಇಣುಕಿದರೆ ಇಷ್ಟು ಹೊತ್ತೂ ಕಾಣದಿದ್ದ ಕೆರೆ ಒಮ್ಮೆಗೇ ಕಾಲಡಿ ಹರಡಿಕೊಳ್ಳುತ್ತೆ. ನಮ್ಮಮ್ಮ ಅಲ್ಲೇ ಹತ್ತು ನಿಮಿಷ ನಿಂತುಬಿಟ್ಟರು.

ಅಸಲಿ ಸಂಗತಿ ಕೆರೆ ನಡುವಿನ ದ್ವೀಪದ ಗುಹೆ. ಹೈದರಾಲಿ ಲಾಲ್‌ಬಾಗ್‌ಗೆ ಕೈ ಹಾಕಿದ 1760ರ ದಶಕದಲ್ಲೇ ಜೋಸೆಫ್ ಲೇನ್ ಎಂಬ ಕೆಲಸಗಾರ ಕಟ್ಟಿದ್ದು. ಹೊರಗಿನಿಂದ ತೂತುತೂತಾದ ಬಂಡೆಗಳ ರಾಶಿ, ಅಷ್ಟೆ. ಒಳಗೆ ಕತ್ತಲ ಓಣಿ. ತಿರುವು ದಾಟಿದರೆ ಚಾವಣಿಯಿಂದ ಕ್ಯಾಲ್ಸೈಟ್, ಜಿಪ್ಸಮ್, ಕ್ವಾರ್ಟ್ಜ್ ಹರಳು ಅಂಟಿಸಿದ ಮೊನೆಗಳು ಕೆಳಮುಖವಾಗಿ ಜೋತುಬಿದ್ದಿವೆ. ಹೊರಗೆ ನೀರು ಅಲುಗಿದಾಗೆಲ್ಲ ಅದರ ಬೆಳಕು ಹರಳುಗಳ ಮೇಲೆ ನಡುಗುತ್ತೆ. ಚಾವಣಿ ಕಳೆದ ಶತಮಾನದಲ್ಲಿ ಕುಸಿದುಬಿದ್ದಿತ್ತು, ಒಂದೊಂದೇ ಹರಳು ಕೂರಿಸಿ ಮತ್ತೆ ಕಟ್ಟಿದ್ದಾರೆ.

ಇನ್ನು ಬಾಡಿಗೆ ಸನ್ಯಾಸಿಯ ಕತೆ. ಹ್ಯಾಮಿಲ್ಟನ್ ಕಾಡಿನ ಮೂಲೆಯಲ್ಲಿ ಒಂದು ಕುಟೀರ ಕಟ್ಟಿಸಿ, ಏಳು ವರ್ಷ ಕೂದಲು-ಉಗುರು ಕತ್ತರಿಸದೆ, ಆಳುಗಳ ಜೊತೆ ಒಂದು ಮಾತೂ ಆಡದೆ ಇರುವವನಿಗೆ 700 ಗಿನಿ (ಆಗಿನ ಚಿನ್ನದ ನಾಣ್ಯ) ಕೊಡುತ್ತೇನೆ ಅಂದನಂತೆ. ಒಬ್ಬ ಬಂದ. ಮೂರೇ ವಾರಕ್ಕೆ ಪಬ್ಬಿನಲ್ಲಿ ಸಿಕ್ಕಿಬಿದ್ದು ಕೆಲಸ ಕಳಕೊಂಡ ಅನ್ನುವ ಕತೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ‘ಮೂರು ವಾರ ಬಾಯಿ ಮುಚ್ಕೊಂಡಿದ್ನಲ್ಲ, ಅರ್ಧ ದುಡ್ಡಾದ್ರೂ ಕೊಡ್ಬೇಕಿತ್ತು’ ಅಂತ ಅಮ್ಮನ ತೀರ್ಪು.

ಕೆರೆ ದಂಡೆಯಲ್ಲಿ ಪಾಳುಬಿದ್ದ ಅಬೆ (ಕ್ರೈಸ್ತ ಸನ್ಯಾಸಿಗಳ ಮಠ) ಒಂದು ಕಾಣುತ್ತೆ. ಪಾಳು ಬಿದ್ದದ್ದಲ್ಲ, ಪಾಳುಬಿದ್ದಂತೆಯೇ ಕಟ್ಟಿದ್ದು, ಇಟ್ಟಿಗೆಗೆ ಗಾರೆ ಮೆತ್ತಿ, 1772ರಲ್ಲಿ. ಮರುವರ್ಷವೇ ಸಾಲ ತಡೆಯಲಾರದೆ ಹ್ಯಾಮಿಲ್ಟನ್ ಎಲ್ಲವನ್ನೂ ಮಾರಿ ಬಾತ್ ಊರಿಗೆ ಹೊರಟುಹೋದ. 1786ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಆಡಮ್ಸ್, ಥಾಮಸ್ ಜೆಫರ್ಸನ್ ಇಬ್ಬರೂ ಬೇರೆ ಬೇರೆಯಾಗಿ ಬಂದು ನೋಡಿದ್ದರು. ಆಡಮ್ಸ್ ಬೆರಗಾದ, ಜೆಫರ್ಸನ್ ಮಾತ್ರ ಸದಾ ಹಸಿರಿನ ಮರಗಳು ಜಾಸ್ತಿಯಾಯ್ತು ಅಂತ ಬರೆದಿಟ್ಟ. ನನಗಂತೂ ಆ ಕಡುಹಸಿರೇ ಇಷ್ಟ, ಅದರಲ್ಲೂ ನೆಲಕ್ಕೆ ಕೊಂಬೆ ಚಾಚಿ ನಿಂತ ಆ ಹಳೇ ಸೀಡರ್. ಆಮೇಲೆ ಹಾಳು ಸುರಿಯುತ್ತಿದ್ದ ಜಾಗವನ್ನು 1980ರಲ್ಲಿ ಸ್ಥಳೀಯ ಕೌನ್ಸಿಲ್ 158 ಎಕರೆ ಕೊಂಡು ಉಳಿಸಿತು.

ವಾಟರ್‌ಲೂನಿಂದ ಕಾಬಮ್‌ಗೆ ರೈಲಿದೆ, ಅಲ್ಲಿಂದ ಸುಮಾರು ಎರಡು ಮೈಲಿ ಟ್ಯಾಕ್ಸಿ. ಗುಹೆಯನ್ನು ಇಡೀ ದಿನ ತೆರೆದಿಡುವುದಿಲ್ಲ, ಸಮಯ ಕೇಳಿಕೊಂಡೇ ಹೊರಡಿ. ಮಳೆ ಬಂದಿದ್ದರೆ ದಾರಿ ಕೆಸರು, ಚಪ್ಪಲಿ ಬೇಡ. ಮಂಡಿನೋವಿದ್ದರೆ ದೂರದ ಗಾಥಿಕ್ ಟವರ್ ಬಿಟ್ಟುಬಿಡಿ, ನಾವೂ ಬಿಟ್ಟೆವು. ಪುಳಿಯೋಗರೆ ಡಬ್ಬಿ ಬಿಚ್ಚಲು ಕೆರೆ ದಂಡೆಯ ಹುಲ್ಲು ಸಾಕಷ್ಟಿದೆ, ಬಾತುಕೋಳಿಗಳು ಮಾತ್ರ ಬಂದು ಪಕ್ಕದಲ್ಲೇ ಕೂರುತ್ತವೆ.