ಫೋನಿನಲ್ಲಿ ಮನೆಯ ಗುಟ್ಟು ಹೇಳಬಹುದೇ?

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 34 ವರ್ಷ. ಅತ್ತೆ, ಮಾವ, ಪತಿ, ಮಕ್ಕಳಿರುವ ಮನೆ. ತೋಟದ ಪಾಲಿನ ವಿಷಯದಲ್ಲಿ ಮೈದುನನೊಂದಿಗೆ ಜಗಳ ಶುರುವಾದಾಗಿನಿಂದ ರಾತ್ರಿ ನಿದ್ದೆ ಬರುವುದಿಲ್ಲ, ಎದೆ ಡವಗುಟ್ಟುತ್ತದೆ. ಎಲ್ಲದಕ್ಕೂ ನಾನೇ ಕಾರಣ ಎಂದು ಅತ್ತೆ ಹೇಳುತ್ತಾರೆ. ಇವರು ಬಾಯಿ ಬಿಡುವುದಿಲ್ಲ. ಮೆಡಿಕಲ್ ಅಂಗಡಿಯವರು ಕೊಟ್ಟ ನಿದ್ದೆ ಮಾತ್ರೆಯನ್ನು ದಿನವೂ ನುಂಗುತ್ತಿದ್ದೇನೆ. ಶಿವಮೊಗ್ಗಕ್ಕೆ ಹೊರಟರೆ ಹತ್ತು ಪ್ರಶ್ನೆ. ಆ್ಯಪ್‌ನಲ್ಲಿ ಆನ್‌ಲೈನ್ ಕೌನ್ಸೆಲಿಂಗ್ ಪಡೆ ಎನ್ನುತ್ತಾಳೆ ತಂಗಿ. ಮುಖ ನೋಡದವರ ಹತ್ತಿರ ಮನೆಯ ಮಾತು ಆಡಬಹುದೇ? ತೋಟದಲ್ಲಿ ಫೋನ್ ಕರೆ ಸಿಗುತ್ತದೆ, ಇಂಟರ್ನೆಟ್ ಮಾತ್ರ ಅಂಗಳದ ಮೂಲೆಯಲ್ಲೇ. ಅಲ್ಲಿ ಅತ್ತೆ ಅಡಿಕೆ ಸುಲಿಯುತ್ತಾ ಕುಳಿತಿರುತ್ತಾರೆ.
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅಂಗಳದ ಮೂಲೆ ಬೇಡವೇ ಬೇಡ. ಯಾರಾದರೂ ಕೇಳಿಸಿಕೊಂಡಾರೆಂಬ ಅಳುಕಿದ್ದರೆ ನೀವು ಅರ್ಧ ಮಾತು ನುಂಗುತ್ತೀರಿ, ಆಚೆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ನನ್ನೊಂದಿಗೆ ಫೋನಿನಲ್ಲಿ ಮಾತನಾಡುವ ಶಿಕ್ಷಕಿಯೊಬ್ಬರು ಶಾಲೆ ಬಿಟ್ಟ ಮೇಲೆ ಬಿಸಿಯೂಟದ ಅಕ್ಕಿ ಮೂಟೆಗಳ ಕೋಣೆಯಲ್ಲಿ ಕೂರುತ್ತಾರೆ. ನಡುವೆ ಇಲಿ ಓಡಿದರೆ ಇಬ್ಬರೂ ನಗುತ್ತೇವೆ. ಆದರೆ ಅಲ್ಲಿ ಅವರು ಬಿಚ್ಚಿ ಮಾತನಾಡುತ್ತಾರೆ. ನಿಮಗೆ ತೋಟವಿದೆ.

ಕರೆಗೆ ಇಂಟರ್ನೆಟ್ಟೂ ಬೇಕಿಲ್ಲ, ಆ್ಯಪ್ಪೂ ಬೇಕಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಸಾದಾ ಫೋನಿನಿಂದಲೇ ಕರೆ ಮಾಡಬಹುದು. ಹಗಲು ರಾತ್ರಿ ಸಿಗುತ್ತದೆ, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಮೊದಲು ಆಪ್ತಸಮಾಲೋಚಕರು ಮಾತನಾಡುತ್ತಾರೆ, ಅಗತ್ಯ ಬಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ.

ತಂಗಿ ಹೇಳಿದ ಆ್ಯಪ್ಪನ್ನೂ ನಾನು ಬೇಡ ಎನ್ನುವುದಿಲ್ಲ. ಒಬ್ಬರೊಂದಿಗೇ ವಾರವಾರವೂ ಮಾತು ಮುಂದುವರಿಸಲು ಅದು ಅನುಕೂಲ. ಆದರೆ ಹಣ ಕಟ್ಟುವ ಮೊದಲು ಎದುರಿನವರ ಓದು ಏನೆಂದು ಕೇಳಿ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋರೋಗ ಚಿಕಿತ್ಸೆಯಲ್ಲಿ ಉನ್ನತ ವ್ಯಾಸಂಗ ಮಾಡಿರುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಬಂಗಾರ ಕೊಳ್ಳುವಾಗ ಹಾಲ್‌ಮಾರ್ಕ್ ಹುಡುಕುವ ನಾವು ಇಲ್ಲಿ ಮಾತ್ರ ಸಂಕೋಚಪಡುತ್ತೇವೆ! ಸಂಖ್ಯೆ ಕೇಳಿದ್ದಕ್ಕೆ ಮುನಿಸಿಕೊಳ್ಳುವವರನ್ನು ಬಿಟ್ಟುಬಿಡಿ. ಕರೆಯನ್ನು ರೆಕಾರ್ಡ್ ಮಾಡುತ್ತೀರಾ ಎಂದೂ ಕೇಳಿ. ನಿಮ್ಮ ಮಾತನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ನಿಮಗೆ ಕೊಟ್ಟ ಹಕ್ಕು. ಜೀವಕ್ಕೆ ಅಪಾಯವಿದ್ದಂಥ ಕೆಲವು ಸಂದರ್ಭಗಳು ಇದಕ್ಕೆ ಹೊರತು.

ಪಾಲಿನ ಜಗಳ ಕೌನ್ಸೆಲಿಂಗ್‌ನಿಂದ ಬಗೆಹರಿಯುವುದಿಲ್ಲ, ಅದು ವಕೀಲರ ಕೆಲಸ. ಅತ್ತೆಯನ್ನು ಬದಲಾಯಿಸುವ ವಿದ್ಯೆಯೂ ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ‘ನಿನ್ನಿಂದಲೇ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ರಾತ್ರಿಯಿಡೀ ಅದನ್ನೇ ಮೆಲುಕು ಹಾಕುತ್ತೀರಲ್ಲ, ಅದನ್ನು ಕಡಿಮೆ ಮಾಡಬಹುದು. ಸುಮ್ಮನಿರುವ ಗಂಡನ ಹತ್ತಿರ ಏನು, ಯಾವಾಗ, ಹೇಗೆ ಕೇಳಬೇಕು ಎಂಬುದನ್ನು ಒಟ್ಟಿಗೆ ಕುಳಿತು ಯೋಚಿಸಬಹುದು. (ಅತ್ತೆಯೆದುರು ಕೇಳಿದರೆ ಅವರು ಇನ್ನಷ್ಟು ಮೂಕರಾಗುತ್ತಾರೆ, ಗ್ಯಾರಂಟಿ.) ಮೊದಲ ಕೆಲವು ಸಲ ನೀವೊಬ್ಬರೇ ಮಾತನಾಡಿ, ಆಮೇಲೆ ಅವರನ್ನೂ ಕರೆಯಿರಿ. ಮನೆಯಲ್ಲಿ ಯಾರಾದರೂ ಕೈ ಮಾಡುತ್ತಿದ್ದರೆ ಮಾತ್ರ ಸಮಾಲೋಚನೆಗೆ ಕಾಯದೆ ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಸಹಾಯದ 112ಕ್ಕೆ ಕರೆ ಮಾಡಿ. ಸಾಯಬೇಕೆನಿಸಿದರೆ ಯಾವ ಹೊತ್ತಾದರೂ 14416ಕ್ಕೆ ಕರೆ ಮಾಡಿ, ಹತ್ತಿರದ ಒಬ್ಬರಿಗಾದರೂ ಹೇಳಿ.

ಎದೆ ಡವಗುಟ್ಟುವುದೆಲ್ಲ ಮನಸ್ಸಿನದೇ ಎಂದುಕೊಳ್ಳಬೇಡಿ. ಥೈರಾಯ್ಡ್ ಹೆಚ್ಚಾದರೂ ರಕ್ತ ಕಡಿಮೆಯಾದರೂ ಹಾಗಾಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ಇದಕ್ಕೆ ಮನೆಯಲ್ಲಿ ಯಾರೂ ಹತ್ತು ಪ್ರಶ್ನೆ ಕೇಳಲಾರರು. ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮ ರಾಜ್ಯದಲ್ಲಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಅಲ್ಲೇ ವಿಚಾರಿಸಿ.

ನನಗೆ ಹೆಚ್ಚು ಕಳವಳ ತಂದದ್ದು ಆ ಮಾತ್ರೆ. ಚೀಟಿಯಿಲ್ಲದೆ ಅದನ್ನು ಕೊಟ್ಟದ್ದೇ ತಪ್ಪು. ಹಾಗೆಂದು ಇವತ್ತೇ ಒಮ್ಮೆಲೇ ನಿಲ್ಲಿಸಲೂ ಬೇಡಿ. ಕೆಲವು ನಿದ್ದೆ ಮಾತ್ರೆಗಳನ್ನು ಹಠಾತ್ತಾಗಿ ಬಿಟ್ಟರೆ ನಿದ್ದೆ ಇನ್ನಷ್ಟು ಕೆಡುತ್ತದೆ, ಫಿಟ್ಸ್ ಬರುವುದೂ ಉಂಟು. ಮಾತ್ರೆಯ ಹಾಳೆಯನ್ನು ಎಸೆಯದೆ ಇಟ್ಟುಕೊಳ್ಳಿ. ಹೆಸರು, ಎಷ್ಟು ಮಿಲಿಗ್ರಾಂ, ಎಂದಿನಿಂದ ಎಂಬುದನ್ನು ಬರೆದಿಟ್ಟು, ವೈದ್ಯರ ಬಳಿ ಮಾತು ಶುರುವಾದ ಕೂಡಲೇ ಇದನ್ನೇ ಹೇಳಿ.