ಕಾಸರಗೋಡಿನ ಕನ್ನಡ ಶಾಲೆ: ಹೆತ್ತವರು, ಮಾಷ್ಟ್ರು, ಪಿಟಿಎ

ನಿಮ್ಮ ಕಡೆ ಅಪ್ಪ ಅಮ್ಮ ಶಾಲೆಗೆ ಹೋಗುವುದು ಫೀಸು ಕಟ್ಟಲು, ಇಲ್ಲವೇ ದೂರು ಹೇಳಲು ಅಂದಿರಿ. ಕಾಸರಗೋಡಿನಲ್ಲಿ ಹೇಗೆ ಅಂತ ಕೇಳಿದಿರಿ. ನಮ್ಮಲ್ಲಿ ನಾವು ಶಾಲೆಗೆ ಹೋಗುವ ಮೊದಲೇ ಶಾಲೆ ನಮ್ಮ ಮನೆಗೆ ಬಂದಿರುತ್ತದೆ. ಏಪ್ರಿಲ್, ಮೇ ರಜೆಯಲ್ಲಿ ಟೀಚರುಗಳು ಇಬ್ಬರೋ ಮೂವರೋ ಜೊತೆಯಾಗಿ, ಕೊಡೆ ಹಿಡಿದುಕೊಂಡು, ಗುಡ್ಡ ಹತ್ತಿ ಇಳಿದು ಮನೆ ಮನೆಗೆ ಬರುತ್ತಾರೆ. ನೀರು ಕುಡಿದು, ಅಡಿಕೆಗೆ ರೇಟು ಎಷ್ಟಾಯಿತು ಅಂತ ಕೇಳಿ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುತ್ತಾರೆ: "ಸಣ್ಣವನನ್ನು ಈ ವರ್ಷ ಒಂದನೇ ಕ್ಲಾಸಿಗೆ ಹಾಕ್ತೀರಲ್ವಾ? ನಮ್ಮಲ್ಲಿಗೇ ಕಳಿಸಿ."

ಇದರ ಹಿಂದೆ ಒಂದು ಲೆಕ್ಕ ಇದೆ. ಕೇರಳದಲ್ಲಿ ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ವರ್ಷ ಎಷ್ಟು ಡಿವಿಷನ್, ಎಷ್ಟು ಹುದ್ದೆ ಎಂಬುದು ಆ ಎಣಿಕೆಯ ಮೇಲೆ ನಿಲ್ಲುತ್ತದೆ. ಎಲ್.ಪಿ., ಅಂದರೆ ಕಿರಿಯ ಪ್ರಾಥಮಿಕ, ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಟೀಚರ್ ಅಂತ ಲೆಕ್ಕ. ನಾಲ್ಕು ಮಕ್ಕಳು ಆಚೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋದರೆ ಇಲ್ಲಿ ಒಬ್ಬರ ಕೆಲಸಕ್ಕೇ ಕುತ್ತು ಬರಬಹುದು. ಒಂದೇ ಕಟ್ಟಡದಲ್ಲಿ ಮಲಯಾಳಂ, ಕನ್ನಡ ಎರಡೂ ವಿಭಾಗ ಇರುವ ಶಾಲೆಗಳಲ್ಲಿ ಕನ್ನಡದ ಕಡೆ ಮಕ್ಕಳು ಕಡಿಮೆಯಾಗುತ್ತಾ ಬಂದಿದ್ದಾರೆ. ಹಾಗಾಗಿ ಟೀಚರುಗಳ ನಡಿಗೆಯೂ ಜಾಸ್ತಿಯಾಗಿದೆ.

ಹೆತ್ತವರಿಗೂ ಇದು ಗೊತ್ತು. ಕೆಲವರು ಚೌಕಾಶಿಗೇ ಇಳಿಯುತ್ತಾರೆ. ಬಸ್ಸು ಅಂಗಳದವರೆಗೆ ಬರಬೇಕು, ಬ್ಯಾಗು ಕೊಡಿ ಅಂತ. ಅನುದಾನಿತ ಶಾಲೆಗಳ ಬಸ್ಸಿನ ಡೀಸೆಲ್ಲಿಗೆ ಎಷ್ಟೋ ಕಡೆ ಟೀಚರುಗಳೇ ಸಂಬಳದಿಂದ ತೆಗೆದು ಹಾಕುತ್ತಾರೆ ಅಂತ ತಿಳಿದೂ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಅದೇ ಹೆತ್ತವರು ಶಾಲೆಗೆ ಸುಣ್ಣ ಹೊಡೆಯುವುದಕ್ಕೆ, ಪ್ರವೇಶೋತ್ಸವಕ್ಕೆ ತೋರಣ ಕಟ್ಟುವುದಕ್ಕೆ, ಕಲೋತ್ಸವದ ಅಡಿಗೆಗೆ ಕೂಲಿ ಬಿಟ್ಟು ಬಂದು ನಿಲ್ಲುತ್ತಾರೆ. ಮಧ್ಯಾಹ್ನದ ಊಟದ ಸರ್ಕಾರಿ ದುಡ್ಡು ತಡವಾದಾಗ ಹೆಡ್‌ಮಾಷ್ಟ್ರು ಅಂಗಡಿಯಲ್ಲಿ ಸಾಲ ಹೇಳುತ್ತಾರೆ, ಮನೆಗಳಿಂದ ತೆಂಗಿನಕಾಯಿ, ಸೌತೆಕಾಯಿ ಬರುತ್ತವೆ.

ಇನ್ನು ಭಾಷೆ. ಹೊರಗಿನವರಿಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ಕನ್ನಡ ಶಾಲೆಗೆ ಬರುವ ಮಕ್ಕಳ ಮನೆಯಲ್ಲಿ ಕನ್ನಡವೇ ಇರಬೇಕೆಂದಿಲ್ಲ. ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ, ಎಲ್ಲ ಇದೆ. ಓಣಂ ಪರೀಕ್ಷೆ ಮುಗಿದ ಮೇಲಿನ ಕ್ಲಾಸ್ ಪಿಟಿಎ, ಅಂದರೆ ಹೆತ್ತವರು ಮತ್ತು ಟೀಚರುಗಳ ಸಂಘದ ಸಭೆ, ನೋಡಬೇಕು. ಬರುವವರು ಹೆಚ್ಚಾಗಿ ಅಮ್ಮಂದಿರು. ಮಕ್ಕಳ ಸಣ್ಣ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಉತ್ತರಪತ್ರಿಕೆ ತಿರುವುತ್ತಾರೆ. ಟೀಚರ್ ಒಬ್ಬರ ಹತ್ತಿರ ತುಳುವಿನಲ್ಲಿ ಮಾತಾಡಿ, ಪಕ್ಕದವರ ಕಡೆ ತಿರುಗಿ ಮಲಯಾಳಂ ಶುರು ಮಾಡುತ್ತಾರೆ. ಒತ್ತಕ್ಷರ ಬಿಟ್ಟ ಜಾಗಕ್ಕೆಲ್ಲ ಕೆಂಪು ಗೆರೆ. "ಮನೆಯಲ್ಲಿ ದಿನಾ ಒಂದು ಪುಟ ಓದಿಸಿ" ಅಂತಾರೆ ಟೀಚರ್. "ನನಗೇ ಓದಲು ಬರುವುದಿಲ್ಲ ಟೀಚರೇ, ನಾನು ಕಲಿತದ್ದು ಮಲಯಾಳಂ" ಅಂತಾರೆ ಅಮ್ಮ. "ಅವನು ಗಟ್ಟಿಯಾಗಿ ಓದಲಿ, ನೀವು ಕೂತು ಕೇಳಿ, ಸಾಕು" ಅಂತ ಟೀಚರ್ ಪ್ರೋಗ್ರೆಸ್ ಕಾರ್ಡು ಮುಂದಿಡುತ್ತಾರೆ. ಸಹಿ ಮಲಯಾಳಂನಲ್ಲಿ ಬೀಳುತ್ತದೆ.

ಇದಕ್ಕೆ ತಿರುಗುಮುರುಗಾದ ಮನೆಗಳೂ ಇವೆ. ತಿರುವನಂತಪುರದಿಂದ ಬರುವ ಸುತ್ತೋಲೆ ಮಲಯಾಳಂನಲ್ಲಿರುತ್ತದೆ. ಕನ್ನಡ ಮಾತ್ರ ಬಲ್ಲ ಅಪ್ಪ ಅದನ್ನು ವಾಟ್ಸಾಪಿನಲ್ಲಿ ನೋಡಿ ಟೀಚರಿಗೇ ಫೋನ್ ಮಾಡುತ್ತಾರೆ. ಸ್ಕಾಲರ್‌ಶಿಪ್ ಅರ್ಜಿ, ಅದರ ಪರೀಕ್ಷೆಯ ತಾರೀಕು, ಎಲ್ಲಕ್ಕೂ ಟೀಚರೇ ಬೇಕು.

ಇಷ್ಟು ಹತ್ತಿರ ಇದ್ದ ಮೇಲೆ ಹೆತ್ತವರು ಪಾಠದ ಬಗ್ಗೆ ಪ್ರಶ್ನೆ ಕೇಳುತ್ತಾರಾ? ಇಲ್ಲ. ಅದೇ ನನ್ನ ಬೇಸರ. ಐದನೇ ಕ್ಲಾಸಿಗೆ ಬಂದರೂ ಮಗು ಸರಾಗವಾಗಿ ಓದುವುದಿಲ್ಲ ಅಂದರೆ, "ಮಾಷ್ಟ್ರೇ, ನಾಲ್ಕು ಪೆಟ್ಟು ಕೊಡಿ" ಅನ್ನುವವರು ಈಗಲೂ ಇದ್ದಾರೆ. ಹೊಡೆಯುವುದು ಕಾನೂನಿನಲ್ಲಿ ಇಲ್ಲ ಅಂತ ಮಾಷ್ಟ್ರೇ ನೆನಪಿಸಬೇಕು. ಹೇಗೆ ಕಲಿಸುತ್ತೀರಿ ಅಂತ ಕೇಳಿದರೆ ಮರ್ಯಾದೆ ಅಲ್ಲ ಅನ್ನುವ ಭಾವನೆ. ಬಂಧುತ್ವ ಜಾಸ್ತಿಯಾಗಿ ನಾಲಿಗೆ ಕಟ್ಟಿ ಹೋಗಿದೆ.

ನಾಲಿಗೆ ಬಿಚ್ಚುವುದು ಒಂದೇ ವಿಷಯಕ್ಕೆ: ಕನ್ನಡ ಬಾರದ ಟೀಚರ್ ಕನ್ನಡ ಮೀಡಿಯಂಗೆ ನೇಮಕವಾಗಿ ಬಂದಾಗ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದು ನಿಮಗೆ ಗೊತ್ತು. ಅದರ ಬಿಸಿ ಇಂದಿನ ಮಗುವಿಗೆ ತಾಗುವುದು ಗಣಿತದ ಪಿರಿಯಡ್ಡಿನಲ್ಲಿ. ಪುಸ್ತಕ ಕನ್ನಡದ್ದು, ಪರೀಕ್ಷೆ ಕನ್ನಡದಲ್ಲಿ, ಟೀಚರ್ ಮಾತು ಮಲಯಾಳಂ. ಆಗ ಪಿಟಿಎ ಗೇಟಿನ ಮುಂದೆ ಕೂರುತ್ತದೆ, ಕಲೆಕ್ಟರ್ ಆಫೀಸಿಗೆ ಹೋಗುತ್ತದೆ, ಕೋರ್ಟಿಗೂ ಹೋದದ್ದುಂಟು. ಪಾಪ, ಬಂದ ಟೀಚರ್ ಮೇಲೆ ಯಾರಿಗೂ ದ್ವೇಷ ಇಲ್ಲ. ಅವರು ಪರೀಕ್ಷೆ ಬರೆದು ರ‍್ಯಾಂಕ್ ಪಟ್ಟಿಯಿಂದ ಬಂದವರು. ಕನ್ನಡ ಹುದ್ದೆಗೆ ಕನ್ನಡ ಗೊತ್ತಾ ಅಂತ ಸರಿಯಾಗಿ ನೋಡದೆ ಕಳಿಸಿದವರದು ತಪ್ಪು. ಅಷ್ಟರಲ್ಲಿ ಅರ್ಧ ವರ್ಷ ಕಳೆದು, ಎಸ್ಎಸ್ಎಲ್‌ಸಿ ಮಕ್ಕಳು ಟ್ಯೂಷನ್ ಹುಡುಕುತ್ತಾರೆ.

ಇನ್ನೊಂದು ಮಾತು, ಸುಮ್ನೆ ನಿಮ್ಮ ಕಿವಿಗೆ. ಧರಣಿಗೆ ಕೂತ ಅಪ್ಪಂದಿರಲ್ಲಿ ಕೆಲವರ ಎರಡನೇ ಮಗು ಇಂಗ್ಲಿಷ್ ಮೀಡಿಯಂನಲ್ಲಿರುತ್ತದೆ. ಕೆಲವು ಮಾಷ್ಟ್ರುಗಳ ಮಕ್ಕಳೂ ಅಲ್ಲೇ. ಪಿಟಿಎಯಲ್ಲಿ ಈ ವಿಷಯವನ್ನು ಯಾರೂ ಎತ್ತುವುದಿಲ್ಲ. ಎತ್ತಿದರೆ ಎರಡೂ ಕಡೆಯವರಿಗೆ ಮುಜುಗರ.