ಮುಂಬಯಿಯ ‘ಸಾರಿಗೆ ಇಲಾಖೆ’ಗೆ ಅರ್ಜಿ ಬರೆಯುವುದು ಹೇಗೆ?

ಪ್ರಶ್ನೆ: ನಾನು ಭಾಂಡುಪ್ ಪಶ್ಚಿಮದ ನಿವಾಸಿ, ಮೂಲತಃ ಕುಂದಾಪುರದವನು. ನಮ್ಮ ಸೊಸೈಟಿಯ ಎದುರಿನ ರಸ್ತೆ ತುಂಬ ಗುಂಡಿಗಳು. ನಾಕಾದ (ರಸ್ತೆಗಳು ಕೂಡುವ ಜಾಗದ) ಸಿಗ್ನಲ್ ಕೆಟ್ಟು ನಿಂತಿದೆ. ಬೆಸ್ಟ್ ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಸ್ಟೇಷನ್ ಹೊರಗಿನ ರಿಕ್ಷಾದವರು ಹತ್ತಿರದ ಬಾಡಿಗೆಗೆ ಒಪ್ಪುವುದಿಲ್ಲ. ಕನ್ನಡ ಸಂಘದ ಗೆಳೆಯರೆಲ್ಲ ಸಹಿ ಹಾಕಿ ಒಂದು ಕಚೇರಿಗೆ ಮನವಿ ಕೊಟ್ಟೆವು. ‘ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಒಂದೇ ಸಾಲಿನ ಉತ್ತರ ಬಂತು. ನಗರದ ಸಾರಿಗೆ ಇಲಾಖೆಯ ಮುಖ್ಯಸ್ಥರು ಯಾರು, ಅವರನ್ನು ಎಲ್ಲಿ ಕಾಣಬೇಕು?

ಉತ್ತರ: ನೀವು ಹುಡುಕುತ್ತಿರುವ ಮುಖ್ಯಸ್ಥರು ಮುಂಬಯಿಯಲ್ಲಿ ಇಲ್ಲ. ಸಾರಿಗೆ ಇಲಾಖೆ ಎಂಬ ಹೆಸರಿನದೊಂದು ಇರುವುದು ನಿಜ, ಆದರೆ ಅದು ರಾಜ್ಯ ಸರ್ಕಾರದ್ದು. ವಾಹನ ನೋಂದಣಿ, ಚಾಲನಾ ಪರವಾನಗಿ, ರಿಕ್ಷಾ–ಟ್ಯಾಕ್ಸಿಗಳ ಪರ್ಮಿಟ್ ಅದರ ಕೆಲಸ. ತಾಡದೇವ್, ಅಂಧೇರಿ, ವಡಾಲಾ, ಬೊರಿವಲಿಯ ಆರ್‌ಟಿಒ ಕಚೇರಿಗಳು ಅದರ ಕೈಕೆಳಗಿವೆ. ನಿಮ್ಮ ಪಟ್ಟಿಯಲ್ಲಿ ಅದಕ್ಕೆ ಸೇರುವುದು ರಿಕ್ಷಾದ ದೂರು ಮಾತ್ರ. ಬಾಡಿಗೆಗೆ ಬರಲೊಲ್ಲೆ ಎನ್ನುವುದು ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪರಾಧ. ಭಾಂಡುಪ್ ಸೇರಿದ ಪೂರ್ವ ಉಪನಗರಗಳನ್ನು ನೋಡಿಕೊಳ್ಳುವುದು ವಡಾಲಾ ಕಚೇರಿ, ಅಂದರೆ ಎಂಎಚ್ 03ರಿಂದ ಶುರುವಾಗುವ ವಾಹನ ನಂಬರು ಕೊಡುವ ಕಚೇರಿ. ರಿಕ್ಷಾದ ನಂಬರು, ಹೊತ್ತು, ಜಾಗ ಬರೆದು ಅಲ್ಲಿಗೆ ಕೊಡಿ. ಸಂಚಾರ ಪೊಲೀಸರಿಗೂ ದಂಡ ಹಾಕುವ ಅಧಿಕಾರವಿದೆ. ‘ರಿಕ್ಷಾದವರು’ ಎಂದು ಬಹುವಚನದಲ್ಲಿ ಬರೆದ ದೂರಿನಿಂದ ಯಾರ ಮೇಲೂ ಕ್ರಮ ಆಗುವುದಿಲ್ಲ.

ಗುಂಡಿ ಪಾಲಿಕೆಗೆ ಸೇರಿದ್ದು. ಹಿಂದೆ ಇದನ್ನೂ ಇಷ್ಟು ಧೈರ್ಯದಿಂದ ಹೇಳುವಂತಿರಲಿಲ್ಲ. ನಿಮ್ಮ ಪಕ್ಕದಲ್ಲೇ ಹಾದುಹೋಗುವ ಪೂರ್ವ ದ್ರುತಗತಿ ಹೆದ್ದಾರಿ (ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ) ಎಮ್‌ಎಮ್‌ಆರ್‌ಡಿಎ ಎಂಬ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿತ್ತು. 2022ರ ಕೊನೆಗೆ ಅದು ಪಾಲಿಕೆಗೆ ಹಸ್ತಾಂತರವಾಯಿತು. ಅದಕ್ಕೆ ಮೊದಲು ಹೆದ್ದಾರಿಯ ಗುಂಡಿಗೆ ಒಬ್ಬರು, ಅಲ್ಲಿಂದ ಇಳಿದ ಕೂಡಲೇ ಸಿಗುವ ಗುಂಡಿಗೆ ಇನ್ನೊಬ್ಬರು. ಈಗಲೂ ನಗರದ ರಸ್ತೆಗಳೆಲ್ಲ ಒಂದೇ ಕೈಯಲ್ಲಿವೆ ಎಂದು ತಿಳಿಯಬೇಡಿ. ಬಾಂದ್ರಾ–ವರ್ಲಿ ಸಮುದ್ರ ಸೇತುವೆ ರಾಜ್ಯದ ರಸ್ತೆ ಅಭಿವೃದ್ಧಿ ನಿಗಮವಾದ ಎಮ್‌ಎಸ್‌ಆರ್‌ಡಿಸಿಯದು, ಅದೇ ಕರಾವಳಿಗುಂಟ ಸಾಗುವ ಕೋಸ್ಟಲ್ ರೋಡ್ ಪಾಲಿಕೆಯದು, 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು ಎಮ್‌ಎಮ್‌ಆರ್‌ಡಿಎಯದು. ನಿಮ್ಮ ಗುಂಡಿಗೆ ಪಾಲಿಕೆಯ ಎಸ್ ವಾರ್ಡ್ ಕಚೇರಿ ಸಾಕು, ಅಥವಾ ಪಾಲಿಕೆಯ ಸಹಾಯವಾಣಿ 1916ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಸಿಗ್ನಲ್ ಕಥೆ ಸ್ವಲ್ಪ ವಿಚಿತ್ರ. ಕಂಬ ನೆಡುವುದು, ದೀಪ ಕೆಟ್ಟರೆ ದುರಸ್ತಿ ಮಾಡಿಸುವುದು ಪಾಲಿಕೆಯ ರಸ್ತೆ ಮತ್ತು ಸಂಚಾರ ವಿಭಾಗ. ನಾಕಾದಲ್ಲಿ ನಿಂತು ವಾಹನ ನಿಯಂತ್ರಿಸುವವರು ಪೊಲೀಸರು, ಅವರ ಮೇಲಿನವರು ಸಂಚಾರ ವಿಭಾಗದ ಜಂಟಿ ಪೊಲೀಸ್ ಆಯುಕ್ತರು. ಪೊಲೀಸರು ಗೃಹ ಇಲಾಖೆಗೆ ಸೇರಿದವರಾದ್ದರಿಂದ ಪಾಲಿಕೆಯ ಆಯುಕ್ತರು ಅವರಿಗೆ ಆದೇಶ ಕೊಡುವಂತಿಲ್ಲ. ಹಾಗಾಗಿ ದೀಪ ಉರಿಯದಿದ್ದರೆ ಪಾಲಿಕೆಗೆ, ಉರಿದೂ ಗೊಂದಲವಾಗುತ್ತಿದ್ದರೆ ಪೊಲೀಸರಿಗೆ ಬರೆಯಿರಿ.

ಇನ್ನು ಬಸ್ಸು. ಬೆಂಗಳೂರಿನ ಬಿಎಂಟಿಸಿ ರಾಜ್ಯ ಸರ್ಕಾರದ ನಿಗಮ. ಬೆಸ್ಟ್ ಹಾಗಲ್ಲ, 1947ರಿಂದ ಅದು ಪಾಲಿಕೆಯ ಸ್ವತ್ತು. ಮಹಾಪ್ರಬಂಧಕರು ಅದರ ಆಡಳಿತ ನಡೆಸುತ್ತಾರೆ. ಇಲ್ಲಿ ಮೋಟಾರು ಬಸ್ಸು ಮೊದಲು ಓಡಿದ್ದು 1926ರ ಜುಲೈ 15ರಂದು, ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್‌ಗೆ. ದಕ್ಷಿಣ ಮುಂಬಯಿಗೆ ಕರೆಂಟು ಕೊಡುವುದೂ ಇದೇ ಸಂಸ್ಥೆ. ಕರೆಂಟಿನ ಆದಾಯ ಬಹುಕಾಲ ಬಸ್ಸಿನ ನಷ್ಟವನ್ನು ತುಂಬುತ್ತಿತ್ತು. ಆ ಆಸರೆ ತಪ್ಪಿದ ಮೇಲೆ ಸಂಸ್ಥೆ ಬಾಡಿಗೆ ಬಸ್ಸುಗಳತ್ತ ಹೊರಳಿತು. ಬಸ್ಸು ಖಾಸಗಿ ಕಂಪನಿಯದು, ಚಾಲಕನೂ ಅದರವನೇ. ಮಾರ್ಗ, ವೇಳೆ, ಟಿಕೆಟ್ ಬೆಸ್ಟ್‌ನದು. ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಕಂಪನಿಗೆ ಹಣ ಸಂದಾಯ. 2023ರ ಆಗಸ್ಟ್‌ನಲ್ಲಿ ಈ ಚಾಲಕರು ಮುಷ್ಕರ ಹೂಡಿದಾಗ ಬಸ್ಸಿನ ಮೇಲೆ ಬೆಸ್ಟ್ ಹೆಸರಿತ್ತು, ಚಾಲಕರ ಸಂಬಳ ಮಾತ್ರ ಗುತ್ತಿಗೆದಾರರ ಕೈಯಲ್ಲಿತ್ತು. ಹೊಣೆಯನ್ನು ಇಷ್ಟು ಚೂರು ಮಾಡಿದ್ದು ನನಗೆ ಸರಿ ಕಾಣುವುದಿಲ್ಲ. ಆದರೂ ತಡವಾದ ಬಸ್ಸಿನ ದೂರು ಕೊಡುವಾಗ ಕಂಪನಿಯನ್ನು ಹುಡುಕಿಕೊಂಡು ಹೋಗಬೇಡಿ. ಮಾರ್ಗ ಸಂಖ್ಯೆ, ಬಸ್ಸಿನ ಸಂಖ್ಯೆ ಹಾಕಿ ಡಿಪೋ ಮ್ಯಾನೇಜರರಿಗೆ ಬರೆಯಿರಿ.

ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸುವ ಪ್ರಯತ್ನ ನಡೆಯದೆ ಇಲ್ಲ. ದೊಡ್ಡ ನಗರಗಳಿಗೆ ಏಕೀಕೃತ ಸಾರಿಗೆ ಪ್ರಾಧಿಕಾರ ಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿತು. ಮುಂಬಯಿಯಲ್ಲಿ 2008ರಲ್ಲಿ ಅದು ರಚನೆಯಾದದ್ದು ಸರ್ಕಾರಿ ಆದೇಶದ ಮೂಲಕ. ಬೆನ್ನಿಗೆ ಕಾಯ್ದೆಯ ಬಲ ಇರಲಿಲ್ಲ. ಸಲಹೆ ಕೊಡುವವರ ಮಾತನ್ನು ಬಜೆಟ್ ಕೈಯಲ್ಲಿರುವವರು ಎಷ್ಟು ಕೇಳುತ್ತಾರೆಂಬುದು ನಿಮಗೂ ಗೊತ್ತು.

ನಿಮ್ಮ ಮನವಿ ಸೋತದ್ದು ಇಲ್ಲೇ. ನಾಲ್ಕು ದೂರುಗಳನ್ನು ಒಂದೇ ಹಾಳೆಯಲ್ಲಿ ಬರೆದಿರಿ. ಮೂರು ತಮ್ಮದಲ್ಲವೆಂದು ತೋರಿಸಿ ನಾಲ್ಕನೆಯದನ್ನೂ ಕೈಬಿಡಲು ಗುಮಾಸ್ತನಿಗೆ ಅನುಕೂಲವಾಯಿತು. ನಾಲ್ಕು ಹಾಳೆ ಮಾಡಿ. ಮರಾಠಿಯಲ್ಲಿ ಬರೆಯಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಸುಮ್ಮನಿದ್ದರೆ ಮಾಹಿತಿ ಹಕ್ಕಿನಲ್ಲಿ ‘ನನ್ನ ಅರ್ಜಿ ಈಗ ಯಾರ ಮೇಜಿನ ಮೇಲಿದೆ’ ಎಂದಷ್ಟೇ ಕೇಳಿ.

ಪ್ರಶ್ನೆ: ಬಸ್ಸು, ರಿಕ್ಷಾ, ಮೆಟ್ರೊ, ಲೋಕಲ್ ದರಗಳನ್ನು ಒಬ್ಬರೇ ನಿರ್ಧರಿಸುತ್ತಾರೆಯೇ? — ಡೊಂಬಿವಲಿಯ ಗೃಹಿಣಿ

ಉತ್ತರ: ಇಲ್ಲ, ತಾಯಿ. ಲೋಕಲ್ ರೈಲಿನ ದರ ದೆಹಲಿಯ ರೈಲ್ವೆ ಸಚಿವಾಲಯದ್ದು. ಮೆಟ್ರೊಗೆ ಪ್ರತ್ಯೇಕ ದರ ನಿಗದಿ ಸಮಿತಿ ನೇಮಿಸಲು ಕೇಂದ್ರದ ಮೆಟ್ರೊ ಕಾಯ್ದೆಯಲ್ಲೇ ಅವಕಾಶವಿದೆ. ರಿಕ್ಷಾ–ಟ್ಯಾಕ್ಸಿ ದರವನ್ನು ಮುಂಬಯಿ ಮಹಾನಗರ ಪ್ರದೇಶ ಸಾರಿಗೆ ಪ್ರಾಧಿಕಾರ ಗೊತ್ತುಪಡಿಸುತ್ತದೆ. 2025ರ ಫೆಬ್ರವರಿಯಿಂದ ರಿಕ್ಷಾದ ಕನಿಷ್ಠ ದರ 26 ರೂಪಾಯಿ ಆದದ್ದು ಹಾಗೆ. ಬೆಸ್ಟ್ ಮಾತ್ರ ಎರಡು ಬಾಗಿಲು ತಟ್ಟಬೇಕು: ಮೊದಲು ಪಾಲಿಕೆ, ಆಮೇಲೆ ಇದೇ ಪ್ರಾಧಿಕಾರ. 2025ರ ಮೇ ತಿಂಗಳಲ್ಲಿ ಕನಿಷ್ಠ ಟಿಕೆಟ್ 5 ರೂಪಾಯಿಯಿಂದ 10ಕ್ಕೆ ಏರಿದ್ದು ಇಬ್ಬರೂ ಒಪ್ಪಿದ ಮೇಲೆಯೇ. ನಿಮ್ಮ ಡೊಂಬಿವಲಿಯ ಕೆಡಿಎಂಟಿ ಬಸ್ಸು ಬೆಸ್ಟ್‌ಗೆ ಸೇರಿದ್ದಲ್ಲ, ಅದನ್ನು ಕಲ್ಯಾಣ–ಡೊಂಬಿವಲಿ ಪಾಲಿಕೆಗೆ ಕೇಳಿ.